ಅಜ್ಜನ ಕಾಲದ ಕೋಲ್ಟ್ .32 ಪಿಸ್ತೂಲಿಗೆ ಯಾವ ಹೊಸ ಬಿಡಿಭಾಗಗಳನ್ನು ಹಾಕಿಸಬಹುದು?

ಕುಮಟಾದ ನಿಮ್ಮ ಮನೆಯಲ್ಲಿ ಅಜ್ಜನಿಂದ ಬಂದು ಈಗ ನಿಮ್ಮ ಪರವಾನಗಿಯಲ್ಲಿ ನಮೂದಾಗಿರುವ ಕೋಲ್ಟ್ 1903 ಮಾದರಿಯ .32 ಪಿಸ್ತೂಲಿನ ಹಿಡಿಕೆ ಸೀಳಿದೆ, ಮೇಲ್ಭಾಗದಲ್ಲಿ ಹಿಂದೆಮುಂದೆ ಸರಿಯುವ ಸ್ಲೈಡ್ ಒಮ್ಮೊಮ್ಮೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಹಿಡಿಕೆ, ಸ್ಪ್ರಿಂಗ್, ಮ್ಯಾಗಜಿನ್ (ತೋಟಾ ತುಂಬುವ ಪೆಟ್ಟಿಗೆ) ಹಾಗೂ ಸಾಧ್ಯವಾದರೆ ಟ್ರಿಗರಿನ ಒಳಭಾಗಗಳನ್ನೂ ವಿದೇಶದ ಜಾಲತಾಣಗಳಿಂದ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಶಿರಸಿಯಲ್ಲಿ ಇದೇ ಮಾದರಿಯ ಪಿಸ್ತೂಲನ್ನು ಪರವಾನಗಿಯ ಮೇಲೆ ಇಟ್ಟುಕೊಂಡಿರುವವನಾಗಿ ನನ್ನ ಅಭಿಪ್ರಾಯ ಹೀಗಿದೆ: ಹಿಡಿಕೆಯನ್ನೂ ಸ್ಪ್ರಿಂಗುಗಳನ್ನೂ ಧಾರಾಳವಾಗಿ ಬದಲಾಯಿಸಿ, ಮ್ಯಾಗಜಿನ್ನನ್ನು ಆದಷ್ಟು ಉಳಿಸಿಕೊಳ್ಳಿ, ಟ್ರಿಗರ್ ಮತ್ತು ಗುಂಡು ಸಿಡಿಸಲು ಬಡಿಯುವ ಹ್ಯಾಮರಿನ ಗೊಡವೆಗೆ ಹೋಗಬೇಡಿ, ಮತ್ತು ಯಾವುದನ್ನೂ ನೀವಾಗಿ ವಿದೇಶದಿಂದ ತರಿಸಬೇಡಿ.

ಕೊನೆಯದರ ಕಾರಣವನ್ನು ಮೊದಲು ಹೇಳುತ್ತೇನೆ. 1959ರ ಆಯುಧ ಕಾಯ್ದೆಯಲ್ಲಿ ‘ಆಯುಧ’ವೆಂದರೆ ಇಡೀ ಪಿಸ್ತೂಲು ಮಾತ್ರವಲ್ಲ, ಅದರ ಭಾಗಗಳೂ ಸೇರುತ್ತವೆ. ಅದೇ ಕಾಯ್ದೆಯ 10ನೆಯ ಕಲಮಿನ ಪ್ರಕಾರ ಆಮದಿಗೆ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಕೈಯಲ್ಲಿರುವ ಪರವಾನಗಿ ಪಿಸ್ತೂಲನ್ನು ಇಟ್ಟುಕೊಳ್ಳುವುದಕ್ಕೆ ಹೊರತು ಅದರ ಭಾಗಗಳನ್ನು ಅಂಚೆಯಲ್ಲಿ ತರಿಸುವುದಕ್ಕಲ್ಲ. ದುರಸ್ತಿಯೂ 5ನೆಯ ಕಲಮಿನಡಿ ಪರವಾನಗಿ ಬೇಕಾದ ಉದ್ಯೋಗವೇ ಆದ್ದರಿಂದ, ಎಷ್ಟೇ ಕೈಚಳಕವಿದ್ದರೂ ಊರಿನ ಲೇತ್ ಅಂಗಡಿಯವರ ಮೇಜಿನ ಮೇಲೆ ಪಿಸ್ತೂಲನ್ನು ಇಡುವಂತಿಲ್ಲ. ಕೊಡವರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯ ಮಾತು ಕೇಳಿ ಕೆಲವರು ನಮ್ಮ ಜಿಲ್ಲೆಗೂ ಅದು ಅನ್ವಯಿಸುತ್ತದೆಂದು ತಿಳಿಯುತ್ತಾರೆ, ಅನ್ವಯಿಸುವುದಿಲ್ಲ. ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಮೂಲಕ ಭಾಗವನ್ನು ಪಡೆದು, ಅವರಲ್ಲಿಯೇ ಇರುವ ದುರಸ್ತಿಗಾರರಿಂದ ಕೂಡಿಸಿಕೊಳ್ಳುವುದೇ ದಾರಿ. ಸಂದೇಹವಿದ್ದರೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

ಇನ್ನೊಂದು ಎಚ್ಚರಿಕೆಯ ಮಾತು. ಹಳೆಯ ಅಮೆರಿಕನ್ ಪಿಸ್ತೂಲುಗಳ ಬಿಡಿಭಾಗಗಳ ಬಗ್ಗೆ ನೀವು ಓದುತ್ತಿರುವ ಸಲಹೆಗಳಲ್ಲಿ ಹೆಚ್ಚಿನವು ಕೋಲ್ಟ್ 1911ಕ್ಕೆ ಸಂಬಂಧಿಸಿದವು. ಎರಡನ್ನೂ ರೂಪಿಸಿದವರು ಜಾನ್ ಬ್ರೌನಿಂಗ್ ಅವರೇ ಆದರೂ ಒಳಗಿನ ಕೆಲಸದಲ್ಲಿ ಅವೆರಡೂ ಬೇರೆ ಬೇರೆ. 1911ರಲ್ಲಿ ಗುಂಡು ಹಾರುವ ಗಳಿಗೆಯಲ್ಲಿ ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದೆ ಸರಿಯುತ್ತವೆ. ನಿಮ್ಮ 1903ರಲ್ಲಿ ಅಂತಹ ಬೀಗವೇ ಇಲ್ಲ. ನಳಿಗೆ ಕದಲದೆ ನಿಂತಿರುತ್ತದೆ, ಸ್ಲೈಡಿನ ತೂಕ ಮತ್ತು ಅದನ್ನು ಒತ್ತಿ ಹಿಡಿದ ಸ್ಪ್ರಿಂಗ್ ಇವೆರಡೇ ಖಾಲಿ ತೋಟಾ ಬೇಗನೆ ಹೊರಬೀಳದಂತೆ ತಡೆಯುತ್ತವೆ. 1911ಕ್ಕೆ ಭಾಗಗಳನ್ನು ಮಾಡುವ ಕಂಪನಿಗಳು ಲೆಕ್ಕವಿಲ್ಲದಷ್ಟಿವೆ. 1945ರ ಸುಮಾರಿಗೆ ತಯಾರಿಕೆ ನಿಂತ ನಿಮ್ಮ ಪಿಸ್ತೂಲಿಗೆ ಸ್ಪ್ರಿಂಗ್, ಹಿಡಿಕೆ, ಮ್ಯಾಗಜಿನ್ ಬಿಟ್ಟರೆ ಹೊಸದಾಗಿ ತಯಾರಾಗುವುದು ಕಡಿಮೆ. ಉಳಿದದ್ದೆಲ್ಲ ಇನ್ನೊಂದು ಹಳೆಯ ಪಿಸ್ತೂಲನ್ನು ಬಿಚ್ಚಿ ಮಾರಿದ ಸರಕು.

ಬೀಗವಿಲ್ಲದ ಕಾರಣಕ್ಕೇ ಸ್ಪ್ರಿಂಗಿನ ಆಯ್ಕೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ನಳಿಗೆಯ ಕೆಳಗೆ ಕೂರುವ ರಿಕಾಯಿಲ್ ಸ್ಪ್ರಿಂಗ್ ಸತ್ವ ಕಳೆದುಕೊಂಡಿದ್ದರೆ ಸ್ಲೈಡ್ ಹೆಚ್ಚು ವೇಗದಿಂದ ಹಿಂದಕ್ಕೆ ಬಂದು ಪಿಸ್ತೂಲಿನ ಕೆಳಮೈಯಾದ ಫ್ರೇಮಿಗೆ ಬಡಿಯುತ್ತದೆ, ಮುಂದಕ್ಕೆ ಹೋಗುವಾಗ ಮುಂದಿನ ತೋಟಾವನ್ನು ಪೂರ್ತಿ ಒಳಗೆ ತಳ್ಳಲಾರದೆ ನಿಲ್ಲುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಹೊಂದುತ್ತದೆ. ಆದರೆ ತುಕ್ಕು, ಒಣಗಿ ಅಂಟಾದ ಎಣ್ಣೆ ಅಥವಾ ಮ್ಯಾಗಜಿನ್ನಿನ ತುಟಿ, ಅಂದರೆ ತೋಟಾವನ್ನು ಹಿಡಿದಿಡುವ ಮೇಲಂಚು, ಅಗಲವಾಗಿರುವುದರಿಂದಲೂ ಹೀಗಾಗಬಹುದಾದ್ದರಿಂದ, ಭಾಗ ತರಿಸುವ ಮುನ್ನ ಪೂರ್ತಿ ಶುಚಿಗೊಳಿಸಿ ನೋಡುವುದು ಒಳ್ಳೆಯದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೋವಿಗೂ ತೆಂಗಿನೆಣ್ಣೆ ಸವರುವ ರೂಢಿಯಿದೆ. ಅದು ಚಳಿಗಾಲದ ಶಿರಸಿಯಲ್ಲಿ ಹೆಪ್ಪುಗಟ್ಟುತ್ತದೆ, ಬಹುಕಾಲ ಬಿಟ್ಟರೆ ಜಿಗುಟಾಗುತ್ತದೆ. ನಿಮ್ಮ ಅಜ್ಜನವರೂ ಅದನ್ನೇ ಬಳಸಿದ್ದರೆ ಸ್ಪ್ರಿಂಗಿನ ದೋಷವೆಂದು ಕಾಣುವುದು ಎಣ್ಣೆಯ ದೋಷವಾಗಿರಬಹುದು. ಶುಚಿಗೊಳಿಸಿದ ಮೇಲೂ ಸ್ಲೈಡ್ ಸೋತಂತೆ ಮುಚ್ಚಿದರೆ ಸ್ಪ್ರಿಂಗ್ ಬದಲಾಯಿಸಿ. ವುಲ್ಫ್ ಎಂಬ ಅಮೆರಿಕದ ಸ್ಪ್ರಿಂಗ್ ಕಂಪನಿ ಇಂತಹ ಹಳೆಯ ಪಿಸ್ತೂಲುಗಳಿಗೂ ಸ್ಪ್ರಿಂಗ್ ಮಾಡುತ್ತದೆ. ವ್ಯಾಪಾರಿಯೊಡನೆ ಮಾತನಾಡುವಾಗ ಅದರ ವಿವರಪಟ್ಟಿ ಕೈಯಲ್ಲಿದ್ದರೆ ಅನುಕೂಲ. ಕಾರ್ಖಾನೆಯ ಮೂಲ ಬಲದ ಸ್ಪ್ರಿಂಗನ್ನೇ ಕೇಳಿ. ಹೆಚ್ಚು ಬಲದ್ದು ಪಿಸ್ತೂಲನ್ನು ರಕ್ಷಿಸುತ್ತದೆ ಎಂಬ ವಾದ ಕೇಳುವುದಕ್ಕೆ ಚೆನ್ನಾಗಿದೆ, ಆದರೆ .32ರಂತಹ ಮೃದುವಾದ ತೋಟಾ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಲಾರದೆ ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಇದೇ ಮೈಕಟ್ಟಿನ 1908ರ .380 ಮಾದರಿಯ ಸ್ಪ್ರಿಂಗನ್ನು ‘ಎರಡಕ್ಕೂ ಆಗುತ್ತದೆ’ ಎಂದು ಕೊಟ್ಟರೆ ಬೇಡವೆನ್ನಿ. ರಿಕಾಯಿಲ್ ಸ್ಪ್ರಿಂಗಿನ ಜೊತೆಗೇ ತೋಟಾದ ಹಿಂಬದಿಗೆ ಚುಚ್ಚುವ ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನೂ ಬದಲಾಯಿಸಿಬಿಡುವುದು ವಾಡಿಕೆ.

ಹಿಡಿಕೆಯ ವಿಷಯದಲ್ಲಿ ನಿಮಗೆ ಹೆಚ್ಚು ಸ್ವಾತಂತ್ರ್ಯವಿದೆ. ಈ ಮಾದರಿಗೆ 1920ರ ದಶಕದ ಮಧ್ಯದವರೆಗೆ ಕುದುರೆಯ ಚಿತ್ರವಿದ್ದ ಗಟ್ಟಿ ರಬ್ಬರಿನ ಹಲಗೆಗಳೂ, ಆಮೇಲೆ ಗೀರುಗೀರಾಗಿ ಕೊರೆದ ವಾಲ್ನಟ್ ಮರದ ಹಲಗೆಗಳೂ ಬರುತ್ತಿದ್ದವು. ನಿಮ್ಮದು ರಬ್ಬರಿನದಾಗಿದ್ದರೆ ಸೀಳಿರುವುದು ಆಶ್ಚರ್ಯವಲ್ಲ. ವಯಸ್ಸಾದ ಗಟ್ಟಿ ರಬ್ಬರ್ ಹಪ್ಪಳದಷ್ಟು ಪೆಡಸು, ಸ್ಕ್ರೂವನ್ನು ಕಾಲು ಸುತ್ತು ಹೆಚ್ಚು ಬಿಗಿದರೂ ಸಾಕು. ವಿದೇಶದ ಪ್ಲಾಸ್ಟಿಕ್ ನಕಲುಗಳಿಗಿಂತ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿಯೊಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಶಿರಸಿ, ಕುಮಟಾ, ಹೊನ್ನಾವರದ ಕಡೆ ಗುಡಿಗಾರರ ಮನೆತನಗಳು ತಲೆಮಾರುಗಳಿಂದ ಗಂಧ ಮತ್ತು ಇತರ ಮರಗಳಲ್ಲಿ ಕೆತ್ತನೆ ಮಾಡುತ್ತ ಬಂದಿವೆ, ಅವರ ಕೈಗೆ ಈ ಎರಡು ಪುಟ್ಟ ಹಲಗೆಗಳು ದೊಡ್ಡ ಕೆಲಸವೇ ಅಲ್ಲ. ಕೊಡುವ ಕ್ರಮ ಮಾತ್ರ ಸರಿಯಾಗಿರಬೇಕು: ಪಿಸ್ತೂಲನ್ನು ಅವರ ಕೈಗೆ ಎಂದಿಗೂ ಕೊಡಬೇಡಿ, ಬಿಚ್ಚಿ ತೆಗೆದ ಹಳೆಯ ಹಲಗೆಗಳನ್ನು ಮಾತ್ರ ಮಾದರಿಯಾಗಿ ಕೊಡಿ, ಮತ್ತು ಇದನ್ನು ಮಾಡಿಸುತ್ತಿರುವ ಸಂಗತಿ ನಿಮ್ಮ ಆಯುಧ ವ್ಯಾಪಾರಿಗೆ ಮೊದಲೇ ತಿಳಿದಿರಲಿ.

ಮರ ಯಾವುದೆಂದರೆ ಹಳೆಯ ಪೀಠೋಪಕರಣದಿಂದ ಉಳಿದ, ಚೆನ್ನಾಗಿ ಹದಗೊಂಡ ಬೀಟೆಯ ತುಂಡು ಎಲ್ಲಕ್ಕಿಂತ ಮೇಲು, ಅದಿಲ್ಲವಾದರೆ ಸಾಗುವಾನಿ. ಗಂಧದ ಮರ ಇದಕ್ಕೆ ತೀರ ನಾಜೂಕು. ಕರಾವಳಿಯ ಮಳೆಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಮಾತನ್ನು ಒತ್ತಿ ಹೇಳಬೇಕು. ಹೊರಮೈಗೆ ಮಾತ್ರ ಪಾಲಿಶ್ ಮಾಡಿ ಒಳಮೈಯನ್ನು ಬರಿದಾಗಿ ಬಿಟ್ಟರೆ ಜೂನಿನಲ್ಲಿ ತೇವ ಒಳಗಿನಿಂದ ಹೊಕ್ಕು ಹಲಗೆ ಬಾಗುತ್ತದೆ, ಅಲ್ಲದೆ ಆ ತೇವವನ್ನು ಫ್ರೇಮಿನ ಉಕ್ಕಿಗೆ ಒತ್ತಿ ಹಿಡಿದು ಕಣ್ಣಿಗೆ ಕಾಣದ ಜಾಗದಲ್ಲಿ ತುಕ್ಕು ಬೆಳೆಸುತ್ತದೆ. ಆದ್ದರಿಂದ ಒಳಮೈ, ಅಂಚು, ಸ್ಕ್ರೂವಿನ ತೂತು ಎಲ್ಲಕ್ಕೂ ಲೇಪ ಬೀಳಬೇಕು. ಎಡಗಡೆಯ ಹಲಗೆ ಸೇಫ್ಟಿಯ ಸನ್ನೆಗೆ ತಾಗಬಾರದು, ಹಿಂಬದಿಯಲ್ಲಿ ಅಂಗೈಯಿಂದ ಒತ್ತಿಕೊಳ್ಳುವ ಗ್ರಿಪ್ ಸೇಫ್ಟಿ ಎಲ್ಲಿಯೂ ಉಜ್ಜದೆ ತಾನಾಗಿ ಹೊರಬರಬೇಕು. ಕೆತ್ತನೆಗಾರರು ಹುರುಪಿನಿಂದ ಗಣಪತಿಯನ್ನೋ ಬಳ್ಳಿಯನ್ನೋ ಬಿಡಿಸಲು ಹೊರಟರೆ ವಿನಯದಿಂದ ತಡೆಯಿರಿ. ಆಳವಾದ ಕೆತ್ತನೆಯಲ್ಲಿ ಬೆವರಿನ ಉಪ್ಪು ಕೂರುತ್ತದೆ, ದೇವರನ್ನು ಬೆವರುವ ಅಂಗೈಯಲ್ಲಿ ಹಿಡಿಯುವುದೂ ಅಷ್ಟು ಸರಿಯಲ್ಲ. ಮೂಲದಂತೆ ತೆಳುವಾದ ಗೀರುಗಳೇ ಸಾಕು.

ಮ್ಯಾಗಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು ತೋಟಾಗಳ ಮೂಲ ಮ್ಯಾಗಜಿನ್ ತುಕ್ಕಿಲ್ಲದೆ, ತುಟಿಗಳು ಸರಿಯಾಗಿದ್ದರೆ ಅದರ ಸ್ಪ್ರಿಂಗನ್ನಷ್ಟೇ ಬದಲಾಯಿಸಿ. ಹೊಸ ನಕಲು ಮ್ಯಾಗಜಿನ್ನುಗಳಲ್ಲಿ ಕೆಲವು ಮೊದಲ ದಿನದಿಂದಲೇ ಚೆನ್ನಾಗಿ ನಡೆದರೆ ಕೆಲವು ತಿದ್ದದೆ ನಡೆಯುವುದಿಲ್ಲ. ತೋಟಾ ಕೊಳ್ಳುವಾಗ .32 ಎಂದಷ್ಟೇ ಹೇಳಿದರೆ ಸಾಲದು. ನಮ್ಮಲ್ಲಿ ಪ್ರಚಲಿತವಿರುವ .32 ರಿವಾಲ್ವರಿನ ತೋಟಾ ಬೇರೆ, ನಿಮಗೆ ಬೇಕಾದದ್ದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್). ಯುರೋಪಿನ ಪಿಸ್ತೂಲುಗಳ ಮೇಲೆ ಅದನ್ನೇ 7.65 ಮಿ.ಮೀ. ಬ್ರೌನಿಂಗ್ ಎಂದು ಬರೆದಿರುತ್ತಾರೆ.

ಟ್ರಿಗರಿನ ಭಾಗಗಳನ್ನು ಬೇಡವೆಂದದ್ದಕ್ಕೆ ಕಾರಣ, ಹ್ಯಾಮರು ಮತ್ತು ಅದನ್ನು ಹಿಡಿದಿಡುವ ಸಿಯರು ಎಂಬ ಪುಟ್ಟ ಉಕ್ಕಿನ ತುಂಡು ಪರಸ್ಪರ ಕಚ್ಚಿಕೊಳ್ಳುವ ಅಂಚು ಕೂದಲೆಳೆಯಷ್ಟು ಕಿರಿದಾಗಿದ್ದು, ಆ ಕಾಲದಲ್ಲಿ ಅವನ್ನು ಒಂದೊಂದು ಪಿಸ್ತೂಲಿಗೂ ಕೈಯಿಂದಲೇ ಹೊಂದಿಸುತ್ತಿದ್ದರು. ಇನ್ನೊಂದು ಪಿಸ್ತೂಲಿನಿಂದ ಬಂದ ತುಂಡು ಅಲ್ಲಿ ಸರಿಯಾಗಿ ಕೂರದಿದ್ದರೆ ಟ್ರಿಗರನ್ನು ಮುಟ್ಟದೆಯೂ ಹ್ಯಾಮರ್ ಬೀಳಬಹುದು, ಒಂದು ಎಳೆತಕ್ಕೆ ಎರಡು ಗುಂಡು ಹಾರಬಹುದು. ಈ ಮಾದರಿಯ ಹೆಸರಿನಲ್ಲಿ ‘ಹ್ಯಾಮರ್‌ಲೆಸ್’, ಅಂದರೆ ‘ಹ್ಯಾಮರ್ ಇಲ್ಲದ್ದು’ ಎಂದಿದ್ದರೂ ಸ್ಲೈಡಿನೊಳಗೆ ಹ್ಯಾಮರ್ ಇದ್ದೇ ಇದೆ. ಅದು ಎತ್ತಿ ನಿಂತಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲವೆಂಬುದೇ ಹೆಚ್ಚಿನ ಅಪಾಯ. 1926ರ ಸುಮಾರಿಗಿಂತ ಹಿಂದಿನ ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಹೊರತೆಗೆದಾಗ ಟ್ರಿಗರನ್ನು ತಡೆಯುವ ವ್ಯವಸ್ಥೆಯೂ ಇರಲಿಲ್ಲ. ಆದ್ದರಿಂದ ಒರೆಸುವುದಕ್ಕಾಗಿ ಕೈಗೆತ್ತಿಕೊಂಡರೂ ಮೊದಲು ಮ್ಯಾಗಜಿನ್ ತೆಗೆದು, ಆಮೇಲೆ ಸ್ಲೈಡ್ ಎಳೆದು ನಳಿಗೆಯ ಹಿಂಬದಿ ಖಾಲಿಯಿದೆಯೆಂದು ಕಣ್ಣಾರೆ ನೋಡಿಕೊಳ್ಳಿ.

ನೀವು ಕೇಳದಿದ್ದರೂ ಹೊಸ ಬಣ್ಣದ ವಿಷಯ ಮುಂದೆ ಬಂದೇ ಬರುತ್ತದೆ. ಮಾಸಿದ ನೀಲಿಗಪ್ಪು ಲೇಪವನ್ನು ಉಜ್ಜಿ ಹೊಸದು ಮಾಡಿಸಿದರೆ ಹಳೆಯ ಪಿಸ್ತೂಲಿನ ಬೆಲೆ ಇಳಿಯುತ್ತದೆ, ಅದು ಹಾಗಿರಲಿ. ಉಜ್ಜುವ ಗಾಲಿಯ ಕೆಳಗೆ ಫ್ರೇಮಿನ ಮೇಲಿನ ಸಂಖ್ಯೆ ಸವೆದುಹೋದರೆ, ಆಯುಧದ ಗುರುತಿನ ಸಂಖ್ಯೆಯನ್ನು ಅಳಿಸುವುದನ್ನು ನಿಷೇಧಿಸುವ, ಅದೇ ಕಾಯ್ದೆಯ 8ನೆಯ ಕಲಮಿಗೆ ನೀವು ಉತ್ತರಿಸಬೇಕಾಗುತ್ತದೆ. ತೆಳುವಾದ ಯಂತ್ರದೆಣ್ಣೆ ಸವರಿ, ಚರ್ಮದ ಚೀಲದಿಂದ ಹೊರತೆಗೆದು ತೇವ ಹೀರುವ ಸಿಲಿಕಾ ಜೆಲ್ಲಿನೊಂದಿಗೆ ಬೀಗದ ಪೆಟ್ಟಿಗೆಯಲ್ಲಿಡಿ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದಾಗಲಂತೂ ವಾರಗಟ್ಟಲೆ ಯಾರೂ ಅದನ್ನು ಒರೆಸುವವರಿಲ್ಲವಾದ್ದರಿಂದ, ಒಪ್ಪಿಸುವ ಮುನ್ನ ಎಣ್ಣೆಯನ್ನು ಸ್ವಲ್ಪ ಹೆಚ್ಚೇ ಹಾಕಿಡಿ.

ದುರಸ್ತಿಗೆ ಕೊಡುವಾಗ ಪರವಾನಗಿಯನ್ನು ಜೊತೆಗೊಯ್ದು, ಪಿಸ್ತೂಲಿನ ಸಂಖ್ಯೆಯನ್ನೂ ಬದಲಾಯಿಸಿದ ಭಾಗಗಳನ್ನೂ ರಶೀದಿಯಲ್ಲಿ ಬರೆಸಿಕೊಳ್ಳಿ. ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸುವಾಗ ಆ ಕಾಗದ ಕೈಯಲ್ಲಿದ್ದರೆ ವಿವರಣೆ ಕೊಡುವ ಪ್ರಮೇಯ ಬರುವುದಿಲ್ಲ. ಹೊಸ ಸ್ಪ್ರಿಂಗ್ ಹಾಕಿದ ಮೇಲಿನ ಪರೀಕ್ಷೆಯನ್ನು ದುರಸ್ತಿಗಾರರಿಗೇ ಬಿಡಿ. ಮೊದಲು ಒಂದೇ ತೋಟಾ, ಆಮೇಲೆ ಎರಡು, ಅದು ಸರಿಬಂದರೆ ತುಂಬಿದ ಮ್ಯಾಗಜಿನ್ ಎಂಬ ಕ್ರಮದಲ್ಲಿ ನೋಡಲು ಹೇಳಿ, ತೆಗೆದ ಹಳೆಯ ಭಾಗಗಳನ್ನು, ಸೀಳಿದ ಹಿಡಿಕೆಯನ್ನೂ ಸೇರಿಸಿ, ಕೇಳಿ ವಾಪಸು ಪಡೆದುಕೊಳ್ಳಿ.