ಸಂಪಾದಕರ ಉತ್ತರ: ಕರುಳಿನ ಬ್ಯಾಕ್ಟೀರಿಯಾ, ಕ್ಯಾಪ್ಸೂಲ್ ಮತ್ತು ಜೋಳದ ರೊಟ್ಟಿ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ಕಳೆದ ಒಂದು ವರ್ಷದಲ್ಲಿ ನೆಗಡಿ, ಗಂಟಲುನೋವು, ಜ್ವರಕ್ಕೆಂದು ನಾಲ್ಕು ಸಲ ಆ್ಯಂಟಿಬಯೋಟಿಕ್ ನುಂಗಿದ್ದೇನೆ. ಮೂರು ಸಲ ವೈದ್ಯರ ಚೀಟಿ ಇಲ್ಲದೆ ಔಷಧದ ಅಂಗಡಿಯಿಂದಲೇ ತಂದದ್ದು. ಅಂದಿನಿಂದ ಹೊಟ್ಟೆ ಉಬ್ಬರ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗಿವೆ ಎಂದು ಅಂಗಡಿಯವರು ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಅವು ಕಡಿಮೆಯಾದರೆ ಏನಾಗುತ್ತದೆ? ಕ್ಯಾಪ್ಸೂಲನ್ನು ಎಷ್ಟು ದಿನ ನುಂಗಬೇಕು? ಮಜ್ಜಿಗೆ ಕುಡಿದರೆ ಸಾಕು ಎನ್ನುತ್ತಾರೆ ನಮ್ಮ ಅವ್ವ.”

ಮಾನ್ಯರೆ,

ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳುತ್ತದೆ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. (ನಮ್ಮ ಜೀವಕೋಶಗಳಿಗಿಂತ ಅವು ಹತ್ತು ಪಟ್ಟು ಹೆಚ್ಚು ಎಂದು ಎಲ್ಲೆಡೆ ಅಚ್ಚಾಗುತ್ತಿರುವ ಮಾತು ತಪ್ಪು; ಎರಡರ ಸಂಖ್ಯೆಯೂ ಹೆಚ್ಚುಕಡಿಮೆ ಸಮ.) ನಾವು ಅರಗಿಸಲಾರದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನಾಗಿ ಮಾಡುತ್ತವೆ, ಮತ್ತು ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ಪಡೆಯುವುದು ಈ ಬ್ಯುಟಿರೇಟ್‌ನಿಂದಲೇ. ವಿಟಮಿನ್ ಕೆ ಮತ್ತು ಕೆಲವು ಬಿ ವಿಟಮಿನ್‌ಗಳನ್ನೂ ಅವು ತಯಾರಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾಗವನ್ನೂ ಆಹಾರವನ್ನೂ ತಾವೇ ಹಿಡಿದುಕೊಂಡಿರುವುದರಿಂದ ರೋಗಾಣುಗಳು ಅಲ್ಲಿ ಸುಲಭವಾಗಿ ನೆಲೆಯೂರಲಾರವು.

ಈ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಆ್ಯಂಟಿಬಯೋಟಿಕ್‌ನ ನಂತರ ಬರುವ ಭೇದಿಯೇ. ಅದರ ತೀವ್ರ ರೂಪದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ರೋಗಾಣು ಖಾಲಿಯಾದ ಕರುಳನ್ನು ಆಕ್ರಮಿಸುತ್ತದೆ. ಈ ರೋಗ ಮರಳಿ ಮರಳಿ ಬರುತ್ತಿದ್ದವರಿಗೆ ನೆದರ್ಲೆಂಡ್ಸ್‌ನ ವೈದ್ಯರು ಆರೋಗ್ಯವಂತರ ಮಲದ ದ್ರಾವಣವನ್ನು ಕೊಳವೆಯ ಮೂಲಕ ಕರುಳಿಗೆ ಸೇರಿಸಿದಾಗ 16 ಮಂದಿಯಲ್ಲಿ 15 ಮಂದಿ ಗುಣವಾದರೆಂಬ ವರದಿ 2013ರಲ್ಲಿ ಪ್ರಕಟವಾಯಿತು. ವ್ಯಾಂಕೊಮೈಸಿನ್ ಔಷಧವನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು ಮಾತ್ರ. ಕೇಳಲು ಅಸಹ್ಯವೆನಿಸಬಹುದು, ಆದರೆ ಕಳೆದುಹೋದ ಬ್ಯಾಕ್ಟೀರಿಯಾ ಸಮುದಾಯಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದ ಚಿಕಿತ್ಸೆ ಇನ್ನೊಂದಿಲ್ಲ.

ನಮ್ಮ ಭಾಗದವರಿಗೆ ಇನ್ನೂ ಹತ್ತಿರವಾದ ಉದಾಹರಣೆ ಢಾಕಾದ್ದು. ಅಪೌಷ್ಟಿಕ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯವು ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲವೆಂದು ಅಲ್ಲಿಯ ಸಂಶೋಧಕರೂ ಅಮೆರಿಕದ ಜೆಫ್ರಿ ಗಾರ್ಡನ್ ತಂಡದವರೂ ಕಂಡುಕೊಂಡು, ಆ ಬ್ಯಾಕ್ಟೀರಿಯಾಗಳಿಗೆ ಹಿಡಿಸುವಂಥ ಆಹಾರವನ್ನು ರೂಪಿಸಿದರು. 2021ರ ವರದಿಯಂತೆ, ಅದನ್ನು ಮೂರು ತಿಂಗಳು ತಿಂದ ಮಕ್ಕಳು, ಹೆಚ್ಚು ಕ್ಯಾಲೊರಿಯ ರೂಢಿಯ ಪೂರಕ ಆಹಾರ ತಿಂದವರಿಗಿಂತ ಚೆನ್ನಾಗಿ ತೂಕ ಗಳಿಸಿದರು. ಅದರಲ್ಲಿದ್ದ ಮುಖ್ಯ ಪದಾರ್ಥಗಳು ಯಾವುವೆಂದರೆ ಕಡಲೆ, ಶೇಂಗಾ, ಸೋಯಾ ಮತ್ತು ಬಾಳೆಕಾಯಿ! ಇವುಗಳಲ್ಲಿ ಮೊದಲಿನ ಎರಡು ತಮ್ಮ ಮನೆಯ ಡಬ್ಬಿಗಳಲ್ಲಿ ಇಂದೂ ಇರಬೇಕು. ಬೊಜ್ಜು, ಮಧುಮೇಹ, ಖಿನ್ನತೆ ಮುಂತಾದವುಗಳ ಜೊತೆಗೂ ಕರುಳಿನ ಬ್ಯಾಕ್ಟೀರಿಯಾದ ನಂಟನ್ನು ಗುರುತಿಸಲಾಗಿದೆ. ಅಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬ ವಾದ ನಡೆದೇ ಇರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ಕ್ಯಾಪ್ಸೂಲಿನ ವಿಷಯ. ಅದರೊಳಗಿರುವುದು ಒಂದೆರಡು, ಹೆಚ್ಚೆಂದರೆ ಹತ್ತಾರು ಬಗೆಯ ಬ್ಯಾಕ್ಟೀರಿಯಾ. ತಾವು ಕಳೆದುಕೊಂಡದ್ದು ನೂರಾರು ಬಗೆಗಳ ಸಮುದಾಯದ ಸಮತೋಲನ. ನುಂಗಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ. ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವ ಅವಧಿಯಲ್ಲಿ ಕೆಲವು ನಿರ್ದಿಷ್ಟ ತಳಿಗಳು ಭೇದಿಯನ್ನು ತಡೆಯಲು ನೆರವಾಗುವುದುಂಟು. ಆದರೆ 2018ರಲ್ಲಿ ಇಸ್ರೇಲ್‌ನಿಂದ ಬಂದ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಮುಗಿದ ಮೇಲೆ ಇಂಥ ಕ್ಯಾಪ್ಸೂಲ್ ನುಂಗಿದವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾಗಳು ಮರಳಲು, ಏನೂ ನುಂಗದವರಿಗಿಂತ ಹೆಚ್ಚು ಕಾಲ ಹಿಡಿಯಿತು. ಹೀಗಿರುವಾಗ ತಿಂಗಳುಗಟ್ಟಲೆ ಅದಕ್ಕೆ ದುಡ್ಡು ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ತಮಗೆ ಕೊರತೆಯಾಗಿರುವುದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಅದರ ಮೇವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆ ಭತ್ತದ ಕಣಜವಾಯಿತು. ಅದರ ಬೆನ್ನಿಗೆ ನಮ್ಮ ತಾಟಿನಲ್ಲಿಯೂ ರೊಟ್ಟಿ ಹಿಂದೆ ಸರಿದು ಅನ್ನ ಮುಂದೆ ಬಂತು. ನೀರಾವರಿಯನ್ನು ದೂರುವುದು ನನ್ನ ಉದ್ದೇಶವಲ್ಲ, ಅದು ಈ ನಾಡಿಗೆ ಅನ್ನ ಕೊಟ್ಟಿದೆ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು 3 ಗ್ರಾಂಗಿಂತ ಕಡಿಮೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಹೊತ್ತು ಸೋನಾ ಮಸೂರಿ ಅನ್ನ, ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವವರಿಗೆ ಅದು ದಕ್ಕುವುದು ಕಷ್ಟ; ಎರಡು ಮೂರು ರೊಟ್ಟಿ, ಪುಂಡಿಪಲ್ಯ, ಮಡಕೆಕಾಳು, ಶೇಂಗಾ ಚಟ್ನಿ ಇರುವ ಊಟದಲ್ಲಿ ಅದರ ಬಹುಭಾಗ ತಾನಾಗಿಯೇ ಬರುತ್ತದೆ. ಆದರೆ ಒಮ್ಮೆಗೇ ಹೆಚ್ಚಿಸಬೇಡಿರಿ. ನಾರು ಹುದುಗುವಾಗ ವಾಯು ಹುಟ್ಟುವುದರಿಂದ, ಈಗಾಗಲೇ ಉಬ್ಬರವಿರುವ ಹೊಟ್ಟೆಗೆ ಮೊದಲ ವಾರ ಒಂದೇ ರೊಟ್ಟಿ ಸಾಕು, ಕಾಳನ್ನು ಚೆನ್ನಾಗಿ ನೆನೆಸಿ ಬೇಯಿಸಬೇಕು.

ತಮ್ಮ ಅವ್ವನವರ ಮಾತಿಗೂ ಹಳೆಯ ಬೆಂಬಲವಿದೆ. ಹುಳಿ ಹಾಲು ಆಯುಷ್ಯ ಹೆಚ್ಚಿಸುತ್ತದೆ ಎಂದು ಶತಮಾನದ ಹಿಂದೆಯೇ ವಾದಿಸಿದವನು ರಷ್ಯಾ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ಅವನಿಗೆ 1908ರಲ್ಲಿ ನೊಬೆಲ್ ಬಂದದ್ದು ಮಾತ್ರ ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿಗಲ್ಲ. ಮೊಸರಿನ ಬ್ಯಾಕ್ಟೀರಿಯಾಗಳೂ ಕರುಳಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ, ಆದರೆ ಹಾಲಿನ ಸಕ್ಕರೆ ಅರಗಲು ನೆರವಾಗುತ್ತವೆ. ಆದ್ದರಿಂದ ಮಜ್ಜಿಗೆ ಕುಡಿಯಿರಿ, ರೊಟ್ಟಿಯ ಜೊತೆಗೆ.

ಕೊನೆಯದಾಗಿ, ನೆಗಡಿಯೂ ಹೆಚ್ಚಿನ ಗಂಟಲುನೋವುಗಳೂ ವೈರಸ್‌ನಿಂದ ಬರುವಂಥವು. ಅವುಗಳ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡದು, ಕರುಳಿನ ಮೇಲೆ ಮಾತ್ರ ಮಾಡುತ್ತದೆ. ಚೀಟಿ ಇಲ್ಲದೆ ಅದನ್ನು ಮಾರುವುದು ಕಾನೂನಿಗೂ ವಿರುದ್ಧ. ಭೇದಿ ಇನ್ನೂ ಮುಂದುವರಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಅಥವಾ ತೂಕ ಇಳಿದರೆ ಈ ಉತ್ತರವನ್ನು ನೆಚ್ಚಿ ಕೂರದೆ ರಾಯಚೂರಿಗಾದರೂ ಹೋಗಿ ವೈದ್ಯರಿಗೆ ತೋರಿಸಿರಿ. ಹೋಗುವಾಗ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳು ಮನೆಯಲ್ಲಿ ಉಳಿದಿದ್ದರೆ ಜೊತೆಗೆ ಒಯ್ಯಿರಿ. ಯಾವ ಔಷಧವನ್ನು ಎಷ್ಟು ದಿನ ನುಂಗಿದಿರೆಂಬುದೇ ಅವರು ಮೊದಲು ಕೇಳುವ ಪ್ರಶ್ನೆಯಾಗಿರುತ್ತದೆ.

— ಸಂಪಾದಕ