ಪ್ರತಿಕ್ರಿಯೆ: ಜುಲೈನಲ್ಲಿ ಒಕವಾಂಗೊವೋ, ಸಾಬಿ ಸ್ಯಾಂಡೋ?

ನಮಸ್ಕಾರ. ಮೊಣಕಾಲು ನೋವಿರುವ ತಾಯಿಯವರೊಂದಿಗೆ ಜುಲೈನಲ್ಲಿ ಸಫಾರಿಗೆಂದು ಮೂರು ರಾತ್ರಿ ತಂಗಲು ಬೋಟ್ಸ್ವಾನಾದ ಒಕವಾಂಗೊ ಡೆಲ್ಟಾ (ನದಿ ಕವಲೊಡೆದು ಹರಡುವ ಜೌಗು ಪ್ರದೇಶ) ಒಳ್ಳೆಯದೋ ಸಾಬಿ ಸ್ಯಾಂಡ್ ವನ್ಯಜೀವಿ ಮೀಸಲು ಪ್ರದೇಶವೋ ಎಂದು ಕೇಳಿದ್ದೀರಿ; ಚಿರತೆಯನ್ನು ಕಾಣುವುದೇ ಅವರ ಮುಖ್ಯ ಆಸೆ ಎಂದೂ ಬರೆದಿದ್ದೀರಿ. ಹಾಗಿದ್ದರೆ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡನ್ನೇ ಆರಿಸಿಕೊಳ್ಳಿ. ಅದಕ್ಕೂ ಪಕ್ಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೂ ನಡುವಿದ್ದ ಬೇಲಿಯನ್ನು 1993ರಲ್ಲಿ ತೆಗೆದಿರುವುದರಿಂದ ಪ್ರಾಣಿಗಳು ಎರಡೂ ಕಡೆ ಅಡೆತಡೆಯಿಲ್ಲದೆ ಓಡಾಡುತ್ತವೆ. ಸಾಬಿ ಸ್ಯಾಂಡ್ ಖಾಸಗಿ ಮೀಸಲು ಪ್ರದೇಶವಾದ್ದರಿಂದ, ಜೀಪಿನ ಬಾನೆಟ್ ಮೇಲಿನ ಆಸನದಲ್ಲಿ ಕುಳಿತ ಟ್ರ್ಯಾಕರ್ ಮರಳಿನಲ್ಲಿ ಮೂಡಿದ ಹೆಜ್ಜೆಗಳನ್ನು ಗುರುತಿಸಿ ಕೈಸನ್ನೆ ಮಾಡಿದರೆ, ಚಾಲಕ ದಾರಿ ಬಿಟ್ಟು ಪೊದೆಗಳ ನಡುವೆಯೂ ವಾಹನ ನಡೆಸಬಲ್ಲ. ಕತ್ತಲಾದ ಮೇಲೂ ದೀಪ ಹಿಡಿದು ಹುಡುಕಾಟ ಮುಂದುವರಿಯುತ್ತದೆ.

ಒಕವಾಂಗೊದ ಸೊಬಗು ಬೇರೆಯೇ. ಅಂಗೋಲದ ಎತ್ತರದ ನಾಡಿನಲ್ಲಿ ಸುರಿದ ಮಳೆಯ ನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದುಬಂದು, ಬೋಟ್ಸ್ವಾನಾದಲ್ಲಿ ಮಳೆಯೇ ಇಲ್ಲದ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಡೆಲ್ಟಾವನ್ನು ತುಂಬುತ್ತದೆ. ಆದರೆ ಅಲ್ಲಿನ ಮೊಕೊರೊ ದೋಣಿಯಲ್ಲಿ ಬಹುತೇಕ ನೆಲಮಟ್ಟಕ್ಕೆ ಕೂರಬೇಕು; ಹೆಚ್ಚಿನ ಕ್ಯಾಂಪ್‌ಗಳಿಗೆ ಮೌನ್ ಪಟ್ಟಣದಿಂದ ಪುಟ್ಟ ವಿಮಾನವೇ ಗತಿ. ತಾಯಿಯವರಿಗೆ ಇವೆರಡೂ ತ್ರಾಸದಾಯಕ.

ಸಸ್ಯಾಹಾರದ ವಿಷಯವನ್ನು ಕಾಯ್ದಿರಿಸುವಾಗಲೇ ತಿಳಿಸಿ. ಸಾಬಿ ಸ್ಯಾಂಡ್‌ನಲ್ಲಿ ಜುಲೈ ಚಳಿಗಾಲ. ತೆರೆದ ಜೀಪಿನಲ್ಲಿ ಬೆಳಗಿನ ಗಾಳಿ ಕೊರೆಯುವುದರಿಂದ ತಾಯಿಯವರಿಗೆ ದಪ್ಪನೆಯ ಸ್ವೆಟರ್, ಕಿವಿ ಮುಚ್ಚುವ ಟೋಪಿ ಖಂಡಿತ ಇರಲಿ.