ನಿಲ್ಲಲು ಮರೆತ ಕೋಶ

ಪತ್ರ: 'ಕೋಶಗಳು ಅತಿವೇಗವಾಗಿ ಬೆಳೆಯುವುದೇ ಕ್ಯಾನ್ಸರ್' ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಕಳೆದ ಸಂಚಿಕೆಯ ಲೇಖನ ಕೋಶಚಕ್ರ, ಪ್ರೋಟೀನು ಎಂದೆಲ್ಲ ಕಗ್ಗಂಟು ಮಾಡಿದೆ. ಸಾಮಾನ್ಯ ಓದುಗರಿಗೆ ಇಷ್ಟೆಲ್ಲ ಬೇಕೆ?

ಸಂಪಾದಕರ ಉತ್ತರ: ಬೇಕು. ನಿಮ್ಮ ಸಾಲನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬೆಳೆಯುವ ಸಂದೇಶ ದಾಟಿಸುವ ರಾಸ್ ಜೀನು ಕೆಟ್ಟರೆ, ವಿಭಜನೆಗೆ ಚಾಲನೆ ಕೊಡುವ ಸೈಕ್ಲಿನ್ ಡಿ1 ಎಂಬ ಪ್ರೋಟೀನು ಅತಿಯಾದರೆ ಕೋಶಕ್ಕೆ 'ಒಡೆದು ಎರಡಾಗು' ಎಂಬ ಒತ್ತಾಯ ಬಿಡುವಿಲ್ಲದೆ ಬರುತ್ತದೆ, ನಿಜ. ಆದರೆ ವೇಗವೇ ರೋಗವಾಗಿದ್ದರೆ ನಮ್ಮ ಕರುಳಿನ ಒಳಪದರ ಎಂದೋ ಗಡ್ಡೆಯಾಗಬೇಕಿತ್ತು. ಅದು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಎಷ್ಟೋ ಗಡ್ಡೆಗಳು ದುಪ್ಪಟ್ಟಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಸಾಕೆಂದಾಗ ನಿಲ್ಲಲು ಕರುಳಿನ ಕೋಶಕ್ಕೆ ಬರುತ್ತದೆ, ಗಡ್ಡೆಯ ಕೋಶಕ್ಕೆ ಬರುವುದಿಲ್ಲ.

ದಯವಿಟ್ಟು ಆ ನಿಲ್ಲುವ ಜಾಗವನ್ನು ಹತ್ತಿರದಿಂದ ನೋಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಮಾನವ ಕೋಶಕ್ಕೆ ಒಂದು ಕೋಶಚಕ್ರ, ಅಂದರೆ ಬೆಳೆದು ಎರಡಾಗುವ ಒಂದು ಸುತ್ತು, ಮುಗಿಸಲು ಸುಮಾರು 24 ಗಂಟೆ ಬೇಕು. ಅದರಲ್ಲಿ 11 ಗಂಟೆಯಷ್ಟು ಜಿ1 ಎಂಬ ಮೊದಲ ಹಂತಕ್ಕೇ ಹೋಗುತ್ತದೆ. ಎರಡಾಗಿ ಸೀಳುವುದು ಒಂದು ಗಂಟೆಯ ಕೆಲಸ. ಜಿ1ರಲ್ಲಿ ಆರ್‌ಬಿ ಎಂಬ ಪ್ರೋಟೀನು ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಬಿಗಿಯಾಗಿ ಹಿಡಿದಿರುತ್ತದೆ. ಇ2ಎಫ್ ಬಿಡುಗಡೆಯಾಗದೆ ಡಿಎನ್‌ಎ ನಕಲು ಶುರುವಾಗುವುದಿಲ್ಲ. ಸೈಕ್ಲಿನ್ ಡಿ ಜೊತೆಗೂಡಿದ ಸಿಡಿಕೆ4 ಅಥವಾ ಸಿಡಿಕೆ6 ಎಂಬ ಕಿಣ್ವ ಬಂದು ಆರ್‌ಬಿಗೆ ಫಾಸ್ಫೇಟು ಎಂಬ ರಾಸಾಯನಿಕ ತುಣುಕು ಅಂಟಿಸತೊಡಗಿದಾಗ ಆ ಹಿಡಿತ ಸಡಿಲವಾಗುತ್ತದೆ. ಡಿಎನ್‌ಎ ಮುರಿದಿದ್ದರೆ ಪಿ53 ಎಂಬ ಕಾವಲು ಪ್ರೋಟೀನು ಏರುತ್ತದೆ, ಅದು ಪಿ21 ಎಂಬ ಇನ್ನೊಂದು ಪ್ರೋಟೀನನ್ನು ಮಾಡಿಸುತ್ತದೆ, ಪಿ21 ಸಿಡಿಕೆಗಳನ್ನು ಕಟ್ಟಿಹಾಕುತ್ತದೆ. ರಿಪೇರಿಗೆ ಸಮಯ ಸಿಕ್ಕಿತು. ರಿಪೇರಿ ಕೈಗೂಡದಿದ್ದರೆ ಅದೇ ಪಿ53 ಕೋಶವನ್ನು ಸಾವಿಗೆ ದೂಡಬಲ್ಲದು. ಹತ್ತಿರಹತ್ತಿರ ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ಪಿ53ರ ಜೀನೇ ಕೆಟ್ಟಿರುತ್ತದೆ. ಆಮೇಲೆ ಮುರುಕು ಡಿಎನ್‌ಎ ಹಾಗೆಯೇ ನಕಲಾಗಿ ಮರಿಕೋಶಗಳಿಗೆ ದಾಟುತ್ತದೆ; ಸುತ್ತಿನಿಂದ ಸುತ್ತಿಗೆ ತಪ್ಪು ರಾಶಿಬೀಳುತ್ತದೆ.

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸನ್ನೇ ನೋಡಿ. ಅದರ ಇ6 ಪ್ರೋಟೀನು ಪಿ53 ಅನ್ನು ನಾಶಪಡಿಸುತ್ತದೆ, ಇ7 ಆರ್‌ಬಿಯನ್ನು ಕೆಡಿಸುತ್ತದೆ. ಎರಡೂ ಪೆಟ್ಟು ಕೋಶವನ್ನು ನಿಲ್ಲಿಸುವ ಬ್ರೇಕಿಗೇ! ನಿಮ್ಮ ಒಂದು ಸಾಲು ಇದನ್ನು ಹೇಗೆ ವಿವರಿಸೀತು?

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಆ ಸಾಲನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತಾ ಬಂದ ನಮ್ಮಂಥ ಬರೆಯುವವರ ಮೇಲೆ. ಇದರ ಜೊತೆಗೇ 'ಯೀಸ್ಟ್ ಕೆದಕಿ ಯಾರಿಗೆ ಉಪಯೋಗ' ಎಂಬ ತಾತ್ಸಾರವೂ ಹಬ್ಬಿದೆ. ವಿಜ್ಞಾನಿಗಳಾದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಕೋಶಚಕ್ರದ ಜೀನುಗಳನ್ನು ಹುಡುಕಿದ್ದು ಒಂದೇ ಕೋಶದ ಶಿಲೀಂಧ್ರವಾದ ಈ ಯೀಸ್ಟಿನಲ್ಲಿ. ಟಿಮ್ ಹಂಟ್ ಸೈಕ್ಲಿನ್ ಕಂಡದ್ದು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ: ಪ್ರತಿ ವಿಭಜನೆಗೂ ಒಂದು ಪ್ರೋಟೀನು ತುಂಬಿಕೊಂಡು ಥಟ್ಟನೆ ಮಾಯವಾಗುತ್ತಿತ್ತು. 2001ರ ನೊಬೆಲ್ ಮೂವರಿಗೂ ಬಂತು.

ಉಪಯೋಗ ಇಲ್ಲಿದೆ: ಸಿಡಿಕೆ4, ಸಿಡಿಕೆ6 ಎರಡನ್ನೂ ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಮದ್ದು 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಪಡೆಯಿತು. 21 ದಿನ ಕೊಟ್ಟು 7 ದಿನ ಬಿಡುತ್ತಾರೆ. ರಕ್ತಕಣ ತಯಾರಿಸುವ ಅಸ್ಥಿಮಜ್ಜೆಯ ಕೋಶಗಳೂ ನಿಂತು ಬಿಳಿ ರಕ್ತಕಣ ಇಳಿಯುವುದರಿಂದ ಆ ವಿರಾಮ ಬೇಕು. ಆರ್‌ಬಿಯನ್ನೇ ಕಳೆದುಕೊಂಡ ಗಡ್ಡೆಗೆ ಮಾತ್ರ ಈ ಮದ್ದು ನಾಟುವುದಿಲ್ಲ: ಸಿಡಿಕೆ ಸುಮ್ಮನಾದರೂ ಇ2ಎಫ್ ಅನ್ನು ಹಿಡಿಯುವ ಕೈಯೇ ಅಲ್ಲಿ ಉಳಿದಿರುವುದಿಲ್ಲ.